ಪೂಜೆಯ ನಳಕ್ಕೆ ನಾನು ಕೈ ಹಚ್ಚಲಿಲ್ಲ

ಹೆಣ್ಣು ನೋಡಲು ಹೋದಾಗ ನನ್ನ ಮಾವನವರು ನನ್ನ ನೌಕರಿಯ ಬಗ್ಗೆ ಕೇಳಿದರು. ಪಾತ್ರೆ ತೊಳೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತೇನೆ ಎಂದೆ. ಅವರು, "ಅಲ್ರೀ, ಅಂಥಾ ಮಂದಿ ಮನ್ಯಾಗ ಭಾಂಡಿ ತಿಕ್ಕಾಕ ಯಾರೂ ಇರಂಗಿಲ್ಲೇನ್ರಿ?" ಎಂದು ಕೇಳಿದರು. ಪಕ್ಕದಲ್ಲಿದ್ದ ನಮ್ಮಪ್ಪನ ಮುಖ ಹುಳ್ಳಗಾಯಿತು. ಆದರೂ ಹೆಣ್ಣು ಕೊಟ್ಟರು, ಅದು ಅವರ ದೊಡ್ಡಸ್ತಿಕೆ.

ಆ ಕೆಲಸವನ್ನು ಹೈದರಾಬಾದಿನಲ್ಲಿ ಇಪ್ಪತ್ತಾರು ವರ್ಷ ಮಾಡಿದೆ. ಈಗ ಈ ಕಸುಬಿಗೆ ಹೊಸದಾಗಿ ಸೇರುವವರು ಆಗಾಗ ಮನೆಗೆ ಬಂದು, "ಅಂಕಲ್, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ನಾನು ಕುಳಿತು ಪಾಠ ಹೇಳುವ ಆಸಾಮಿಯಲ್ಲ. ಮೊದಲಿನಿಂದಲೂ ನನಗೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಬಾಲ್ಕನಿಗೆ ಹೋಗಿ ಬಂದಿದ್ದೇನೆ. ಹೆಂಡತಿ ಒಳಗಿನಿಂದ, "ಬರೀರಿ ಇಲ್ಲಾ ತಿರಗ್ರಿ, ಎರಡ್ರಾಗ ಒಂದು ಮಾಡ್ರಿ" ಎಂದು ಬೈದಳು. ಹಾಗಾಗಿ ಬಂದವರಿಗೆ ಬಾಯಿಯಲ್ಲಿ ಹೇಳಲಾಗದ್ದನ್ನು ಬರೆದುಬಿಡೋಣ ಎಂದುಕೊಂಡೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬ ಪುರಾಣ ನಿಮಗೆ ಬೇಡ. ಯಾವಾಗ ಹೇಗೆ ಮುಗ್ಗರಿಸಿದೆ ಎಂಬುದನ್ನು ಹೇಳುತ್ತೇನೆ, ಅದು ಕೆಲಸಕ್ಕೆ ಬಂದೀತು.

ನಮ್ಮಪ್ಪ ಲಿಂಗಸುಗೂರಿನ ಕಡೆಯವರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಹೈದರಾಬಾದಿಗೆ ಬಂದವರು ಅಲ್ಲೇ ಉಳಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕೆಲಸದಲ್ಲಿ ಹಿಂದಿ, ಹೀಗೆ ಮೂರು ನಾಲಿಗೆ ಇಟ್ಟುಕೊಂಡು ಬೆಳೆದವನು ನಾನು. ಓದು ಮುಗಿದ ಮೇಲೆ ನಾಚಾರಂನಲ್ಲಿ ನೀರಿನ ವಾಲ್ವು ತಯಾರಿಸುವ ಒಂದು ಸಣ್ಣ ಕಾರ್ಖಾನೆ ಸೇರಿದೆ. ಒಂದೇ ಜಾಗದಲ್ಲಿ ನಿಂತು ದಿನವಿಡೀ ಒಂದೇ ತೂತು ಕೊರೆಯುವುದು ನನ್ನಿಂದ ಆಗಲಿಲ್ಲ. ಅಷ್ಟರಲ್ಲಿ ಬೇಗಂಪೇಟೆಯಲ್ಲಿ ಹೊರದೇಶದ ಅಡುಗೆಮನೆ ಯಂತ್ರಗಳನ್ನು ಮಾರಿ ರಿಪೇರಿ ಮಾಡುವ ಒಂದು ಕಂಪನಿಗೆ ಜನ ಬೇಕಾಗಿದ್ದರು. ಊರೆಲ್ಲ ಸ್ಕೂಟರಿನಲ್ಲಿ ಸುತ್ತುವ ಕೆಲಸ ಎಂದರು. ನನಗೆ ಅಷ್ಟೇ ಸಾಕಿತ್ತು.

ಅಲ್ಲಿ ನನ್ನ ಮೇಲಧಿಕಾರಿ ಖಾದರ್ ಸಾಹೇಬರು. ಅಗಲ ಮುಖ, ಬಾಯಿಯಲ್ಲಿ ಸದಾ ಅಡಿಕೆ, ಮಾತು ಎಷ್ಟು ಬೇಕೋ ಅಷ್ಟೇ. ಮೊದಲ ದಿನ ನಾನು ಹೊಸ ಸ್ಕ್ರೂಡ್ರೈವರುಗಳ ಪೆಟ್ಟಿಗೆ ಹಿಡಿದು ಮದುಮಗನಂತೆ ಅವರ ಮುಂದೆ ನಿಂತೆ. ಅವರು ಪೆಟ್ಟಿಗೆಯ ಕಡೆ ನೋಡಲೂ ಇಲ್ಲ. ಕೈಗೆ ಒಂದು ಪ್ಲಾಸ್ಟಿಕ್ ಬಕೆಟ್ ಕೊಟ್ಟರು. "ಪೈಲೆ ಬಾಲ್ಟಿ, ಬಾದ್ ಮೇ ಪೇಚ್‌ಕಸ್" ಎಂದರು. ಮೊದಲು ಬಕೆಟ್ಟು, ಆಮೇಲೆ ಸ್ಕ್ರೂಡ್ರೈವರು.

ಇದರ ಅರ್ಥ ಸರಳ. ಈ ಯಂತ್ರದ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ: ನೀರು ಸಾಕಷ್ಟು ತುಂಬುತ್ತಿಲ್ಲ, ಪಾತ್ರೆಗೆ ಅಂಟಿದ್ದು ಹೋಗುತ್ತಿಲ್ಲ, ಒಳಗೆ ಗರಗರ ಸದ್ದು. ಆಗಿನ ಯಂತ್ರಗಳಲ್ಲಿ ಹಲವು ನೀರನ್ನು ಅಳೆದು ತುಂಬಿಕೊಳ್ಳುತ್ತಿರಲಿಲ್ಲ. ಇಷ್ಟು ಹೊತ್ತು ವಾಲ್ವು ತೆರೆದಿರುತ್ತದೆ, ಅಷ್ಟು ಹೊತ್ತಿನಲ್ಲಿ ಬಂದದ್ದೇ ನೀರು. ಬರುವ ಧಾರೆಯೇ ಸಣ್ಣದಿದ್ದರೆ ಪಾಪ ಯಂತ್ರ ಏನು ಮಾಡೀತು? ಅದಕ್ಕೇ ಮೊದಲು ನಳ ಮುಚ್ಚಬೇಕು, ಯಂತ್ರದ ಪೈಪು ಬಿಚ್ಚಬೇಕು, ಅದರ ಬಾಯಿಯನ್ನು ಬಕೆಟ್ಟಿಗೆ ಹಿಡಿದು ನಳ ತೆರೆದು, ಗಡಿಯಾರ ನೋಡಿಕೊಂಡು ಎಷ್ಟು ನೀರು ಬರುತ್ತದೆ ಎಂದು ಕಾಣಬೇಕು. ನೀರು ಸರಿಯಾಗಿ ಬಂದರೆ ಮಾತ್ರ ಯಂತ್ರದ ಮೇಲೆ ಅನುಮಾನ. ಬರದಿದ್ದರೆ ಮನೆಯ ಮೇಲೆ.

ಇಷ್ಟು ಸುಲಭದ್ದನ್ನು ಕಲಿಯಲು ನನಗೆ ಎಷ್ಟು ವರ್ಷ ಹಿಡಿಯಿತು ಎಂದು ಹೇಳಿದರೆ ನಗುತ್ತೀರಿ. ಕೆಲಸಕ್ಕೆ ಸೇರಿದ ಮೂರನೇ ತಿಂಗಳು ಬೇಗಂಪೇಟೆಯ ಒಂದು ಹೋಟೆಲಿನಿಂದ ಕರೆ ಬಂತು. ಮದುವೆಯ ಊಟ ನಡೆದಿದೆ, ಎಂಜಲು ತಟ್ಟೆಗಳು ಎದೆಯೆತ್ತರ ಏರಿವೆ, ಯಂತ್ರಕ್ಕೆ ನೀರು ತುಂಬುತ್ತಿಲ್ಲ. ನಾನು ಹೋದವನೇ ನೆಲದ ಮೇಲೆ ಅಂಗಾತ ಮಲಗಿ ಯಂತ್ರದ ಹೊಟ್ಟೆ ಬಿಚ್ಚಿದೆ. ವಾಲ್ವು ತೆಗೆದೆ, ಜಾಲರಿ ಉಜ್ಜಿದೆ, ತಂತಿ ಎಳೆದೆ. ಒಂದು ಗಂಟೆಯಾದ ಮೇಲೆ ಅಲ್ಲಿ ನೆಲ ಒರೆಸುತ್ತಿದ್ದ ಮುದುಕ ಬಂದು ಗೋಡೆಯ ಮೇಲಿನ ನಳವನ್ನು ಎರಡು ಸುತ್ತು ತಿರುಗಿಸಿದ. ಬೆಳಿಗ್ಗೆ ಯಾರೋ ಪೂರ್ತಿ ಮುಚ್ಚಿದ್ದರಂತೆ. ನೀರು ಭೋರ್ ಎಂದು ಬಂತು, ನಾನು ಬಿಚ್ಚಿಟ್ಟ ಬಾಯಿಯಿಂದ ಹೊರಬಂದು ನನ್ನನ್ನೇ ತೋಯಿಸಿತು. ಅಡುಗೆಯವರು ಸೌಟು ಹಿಡಿದುಕೊಂಡೇ ನಕ್ಕರು.

ಇನ್ನೊಂದು ಸಲ ಒಬ್ಬ ನಿವೃತ್ತ ನ್ಯಾಯಾಧೀಶರ ಬಂಗಲೆ. ಅಲ್ಲೂ ಇದೇ ದೂರು. ಹೊಸ ವಾಲ್ವು ಹಾಕಿದೆ, ಸರಿಯಾಯಿತು. ಯಂತ್ರವನ್ನು ಗೋಡೆಗೆ ಒತ್ತಿ ನಿಲ್ಲಿಸಿ ಬಂದೆ, ಮತ್ತೆ ಕೆಟ್ಟಿತು. ಮತ್ತೆ ಎಳೆದೆ, ಸರಿಯಾಯಿತು. ಒತ್ತಿದೆ, ಕೆಟ್ಟಿತು. ಮೂರನೇ ಸಲಕ್ಕೆ ಖಾದರ್ ಸಾಹೇಬರೇ ಬಂದರು. ಯಂತ್ರದ ಹಿಂದೆ ಕೈ ತೂರಿಸಿ, ಗೋಡೆಗೆ ಸಿಕ್ಕಿ ಮಡಚಿಕೊಂಡಿದ್ದ ಪೈಪನ್ನು ತೋರಿಸಿದರು. ಬಂಗಲೆಯಲ್ಲಿ ಏನೂ ಅನ್ನಲಿಲ್ಲ. ಹೊರಗೆ ಬಂದ ಮೇಲೆ, "ಚೆನ್ನಪ್ಪಾ ಮಿಯಾಂ, ಇತ್ತೀ ಜಲ್ದೀ ಕಾಯ್ಕೋ?" ಎಂದರು. ಇಷ್ಟು ಅವಸರ ಯಾಕೆ ಎಂದು. ಅವಸರ ಯಾಕೆ ಎಂದು ನನಗೆ ಗೊತ್ತಿದ್ದರೆ ತಾನೇ ಹೇಳುವುದು! ಒಂದು ಮನೆಯಲ್ಲಿ ಇರುವಾಗ ನನ್ನ ಜೀವವೆಲ್ಲ ಮುಂದಿನ ಮನೆಯಲ್ಲಿ ಇರುತ್ತಿತ್ತು.

ಇವೆಲ್ಲ ನಕ್ಕು ಮರೆಯುವ ತಪ್ಪುಗಳು. ಈಗ ಹೇಳಲು ಹೊರಟಿರುವುದು ಅಂಥದ್ದಲ್ಲ. ಇಲ್ಲಿಗೆ ಬಂದಾಗ ಮತ್ತೊಮ್ಮೆ ಎದ್ದು ಹೋಗಬೇಕು ಅನಿಸುತ್ತದೆ, ಆದರೂ ಕೂತಿದ್ದೇನೆ.

ಉಪ್ಪಲ್‌ನಲ್ಲಿ, ಕೇಂದ್ರ ಸರ್ಕಾರದ ಕಾರ್ಖಾನೆಗಳ ನೌಕರರು ಮನೆ ಕಟ್ಟಿಕೊಂಡಿದ್ದ ಒಂದು ಕಾಲೊನಿ. ಅಲ್ಲಿ ಸುಮಂಗಲಾ ಎಂಬ ಶಾಲಾ ಶಿಕ್ಷಕಿಯ ಮನೆ. ಅವರ ಯಜಮಾನರು ವರ್ಷದಲ್ಲಿ ಎಂಟು ತಿಂಗಳು ಹೊರ ಊರುಗಳಲ್ಲೇ. ಆಕೆಯ ಮಣಿಕಟ್ಟಿಗೆ ಆಪರೇಷನ್ ಆಗಿ ಭಾರ ಎತ್ತಬಾರದು ಎಂದಾಗ ಯಜಮಾನರು ಹಟ ಹಿಡಿದು ಈ ಯಂತ್ರ ತರಿಸಿದ್ದರು. ಮನೆಯಲ್ಲಿ ಇನ್ನಿಬ್ಬರು. ಒಬ್ಬರು ಅತ್ತೆ, ವಿಜಾಪುರದ ಕಡೆಯ ಹಣ್ಣು ಮುದುಕಿ. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಇನ್ನೊಬ್ಬಳು ಯಾದಮ್ಮ, ಹನ್ನೊಂದು ವರ್ಷದಿಂದ ಆ ಮನೆಯ ಕಸಮುಸುರೆ ಮಾಡಿಕೊಂಡು, ಹಿತ್ತಲಿನ ಒಂದು ಕೋಣೆಯಲ್ಲಿ ಮಗಳೊಂದಿಗೆ ಇದ್ದವಳು. ಗಂಡ ಇರಲಿಲ್ಲ. ಮಗಳು ಹತ್ತನೆಯ ತರಗತಿ, ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ.

ಮೊದಲ ಸಲ ಹೋದದ್ದು ಒಂದು ಸೋಮವಾರ ಮಧ್ಯಾಹ್ನ. ಬಾಗಿಲಲ್ಲಿ ಹೆಸರು ಹೇಳಿದ್ದೇ ತಡ, ಒಳಗಿನಿಂದ ಆಯಿ ಬಂದರು.

"ಚೆನ್ನಪ್ಪ ಅಂದ್ರ ನಮ್ಮ ಕಡ್ಯಾಂವ ಏನಪಾ? ಯಾವೂರು?"

"ಲಿಂಗಸುಗೂರ್ರಿ, ಆಯಿ."

"ಅಯ್ಯ ನಮ್ಮಪ್ಪನ! ಬಾ ಒಳಗ. ಇಲ್ಲಿ ಬರೋರೆಲ್ಲಾ 'ಏಮ್ಮಾ, ಏಮ್ಮಾ' ಅನ್ನೋರ. ಕನ್ನಡ ಕೇಳಿ ಕಿವಿ ತಂಪಾತು ನೋಡು."

ಯಂತ್ರದ ಮೇಲೆ ಮಾತ್ರ ಆಯಿಗೆ ಒಂದಿಷ್ಟೂ ಪ್ರೀತಿ ಇರಲಿಲ್ಲ. "ಎಂಜಲಾ, ಮುಸುರಿ, ಎಲ್ಲಾ ಒಂದ ಪೆಟಗ್ಯಾಗ ತುಂಬಿ ಗಿರಗಿರ ತಿರಗಸ್ತೈತಿ, ಇದಕ್ಕ ತೊಳಿಯೂದು ಅಂತಾರೇನಪಾ?" ಎಂದು ನನ್ನನ್ನೇ ದಬಾಯಿಸಿದರು. ಸೊಸೆ ಪಕ್ಕದಲ್ಲಿ ನಿಂತು ನಕ್ಕರು. ನಾನೂ ನಕ್ಕು ಕೆಲಸಕ್ಕೆ ಕೂತೆ. ಯಂತ್ರದ ಪೈಪು ಹೋಗಿ ಸೇರುತ್ತಿದ್ದದ್ದು ಅಡುಗೆಮನೆಯ ಮೂಲೆಯ ಒಂದು ಹಿತ್ತಾಳೆ ನಳಕ್ಕೆ. ಆ ಮನೆಯಲ್ಲಿ ಬೋರಿನ ಗಡಸು ನೀರು ಬೇರೆ, ಕಾರ್ಪೊರೇಷನ್ನಿನ ಸಿಹಿ ನೀರು ಬೇರೆ. ಅಡುಗೆಮನೆಯಲ್ಲಿ ಸಿಹಿ ನೀರು ಬರುವ ನಳ ಅದೊಂದೇ. ಗಡಸು ನೀರು ಯಂತ್ರಕ್ಕೆ ಆಗದು ಎಂದು ಕಂಪನಿಯವರೇ ಅದಕ್ಕೆ ಜೋಡಿಸಿದ್ದರು. ಆದರೆ ಅದೇ ನಳಕ್ಕೆ ಇನ್ನೊಂದು ಬಾಯಿ ಇತ್ತು. ಅದರಿಂದಲೇ ಆಯಿ ಬೆಳಗಿನ ಲಿಂಗಪೂಜೆಗೆ ನೀರು ಹಿಡಿಯುತ್ತಿದ್ದರು. ಕೆಳಗೆ ಒಂದು ಗೇಣು ರಂಗೋಲಿ, ಪಕ್ಕದಲ್ಲಿ ಮುಚ್ಚಿಟ್ಟ ತಾಮ್ರದ ತಂಬಿಗೆ, ವಿಭೂತಿಯ ಬಟ್ಟಲು.

ನಾನು ಆ ಕಡೆ ತಿರುಗುತ್ತಿದ್ದಂತೆ ಆಯಿ, "ತಮ್ಮಾ, ಅದು ಪೂಜಾದ ನಳ. ನೀ ಜಳಕಾ ಮಾಡಿ ಎಷ್ಟ ಮನಿ ತಿರಗಿ ಬಂದೀದಿ, ಕೈ ಹಚ್ಚಬ್ಯಾಡಪಾ" ಎಂದರು.

"ಇಲ್ರೀ ಆಯಿ, ನನಗ ಗೊತ್ತಿಲ್ಲೇನು? ನಮ್ಮವ್ವಂದೂ ಹಿಂಗ ಇತ್ತು" ಎಂದೆ.

ಎಷ್ಟು ಹೆಮ್ಮೆಯಿಂದ ಹೇಳಿದೆ! ನಮ್ಮವರ ಮನೆಯ ರೀತಿ ನಮ್ಮವನಿಗೆ ತಾನೇ ಗೊತ್ತು ಎಂಬ ಹೆಮ್ಮೆ. ಪೈಪು ಬಿಚ್ಚಬೇಕೆಂದರೆ ನಳ ಮುಚ್ಚಬೇಕು, ಮುಚ್ಚಬೇಕೆಂದರೆ ಮುಟ್ಟಬೇಕು. ಹಾಗಾಗಿ ಬಕೆಟ್ಟಿನ ಪರೀಕ್ಷೆ ಬಿಟ್ಟುಬಿಟ್ಟೆ. ಆಯಿಯವರೇ ಮುಚ್ಚಿ ಕೊಡಲಿ ಎಂದು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಬಹುದಿತ್ತು. ಆಯಿ ಹಚ್ಚಿದ ಅವಲಕ್ಕಿಯ ತಟ್ಟೆ ಮುಂದೆ ಇಟ್ಟಿದ್ದರು, ಇನ್ನೂ ನಾಲ್ಕು ಮನೆ ಬಾಕಿ ಇದ್ದವು, ನಾನು ಕೇಳಲಿಲ್ಲ.

ಯಂತ್ರದ ಒಳಗೆ, ತಳದಲ್ಲಿ, ಒಂದು ತೇಲುಬುರುಡೆ ಇರುತ್ತದೆ. ನೀರು ಮಿತಿ ಮೀರಿ ಏರಿದರೆ ಅದೂ ಏರಿ, ಸಾಕು ಎಂದು ವಾಲ್ವು ಮುಚ್ಚಿಸುತ್ತದೆ. ಅದರ ಕೆಳಗೆ ಕಸ ಸಿಕ್ಕಿ ಅದು ಮೇಲೇ ನಿಂತುಬಿಟ್ಟರೆ, ನೀರಿಲ್ಲದಿದ್ದರೂ ತುಂಬಿದೆ ಎಂದು ಯಂತ್ರ ನಂಬುತ್ತದೆ. ನಾನು ಕೈ ಹಾಕಿದೆ. ಕರಿಬೇವಿನ ಒಂದು ಕಡ್ಡಿ ಸಿಕ್ಕಿತು. ಸಿಕ್ಕಿಬಿದ್ದ ಕಳ್ಳ! ತೆಗೆದು ಎಲ್ಲರಿಗೂ ತೋರಿಸಿ ಯಂತ್ರ ಓಡಿಸಿದೆ. ನೀರು ಚೆನ್ನಾಗಿ ತುಂಬಿತು. ಅವಲಕ್ಕಿ ತಿಂದು ಹೊರಟೆ.

ಅದೇ ಶನಿವಾರ ಮತ್ತೆ ಫೋನು. ನನಗೆ ಸಿಟ್ಟು ಬಂತು. ಹೋಗಿ ಮತ್ತೆ ತೇಲುಬುರುಡೆಗೆ ಕೈ ಹಾಕಿದರೆ ಈ ಸಲ ಎರಡು ಅನ್ನದ ಅಗುಳು. ನಿಜ ಹೇಳುತ್ತೇನೆ, ಆ ಅಗುಳುಗಳು ಬುರುಡೆಯನ್ನು ತಡೆಯುವಷ್ಟು ದೊಡ್ಡವಾಗಿರಲಿಲ್ಲ. ಬುರುಡೆ ಸಲೀಸಾಗಿ ಮೇಲೆ ಕೆಳಗೆ ಆಡುತ್ತಿತ್ತು. ನನ್ನ ಬೆರಳಿಗೆ ಅದು ಗೊತ್ತಾಗಿತ್ತು, ನನ್ನ ಅವಸರಕ್ಕೆ ಗೊತ್ತಾಗಲಿಲ್ಲ.

"ಇದ್ರಾಗ ಭಾಂಡಿ ಇಡೋರು ಯಾರ್ರಿ?" ಎಂದು ಕೇಳಿದೆ.

"ಯಾದಮ್ಮ ಇಡ್ತಾಳ. ಅಗುಳಾ ತಗದ ಇಡು ಅಂತ ನೂರ ಸಲ ಹೇಳೀನ್ರಿ" ಎಂದರು ಸುಮಂಗಲಾ.

ಯಾದಮ್ಮ ಹಿತ್ತಲ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದಳು. ಕನ್ನಡ ಆಕೆಗೆ ಪೂರ್ತಿ ಬಾರದಿದ್ದರೂ ತನ್ನ ಬಗ್ಗೆಯೇ ಮಾತು ನಡೆದಿದೆ ಎಂದು ತಿಳಿಯಿತು. "ನೇನು ಏಮೀ ಚೆಯ್ಯಲೇದು ಸಾರ್" ಎಂದಳು. ನಾನೇನೂ ಮಾಡಿಲ್ಲ ಎಂದು.

ನಾನು ಆಕೆಯ ಕಡೆ ತಿರುಗಿಯೂ ನೋಡಲಿಲ್ಲ. ಸುಮಂಗಲಾ ಅವರಿಗೆ, ದೊಡ್ಡ ಜಾಣನ ಹಾಗೆ, "ನೋಡ್ರಿ ಅಕ್ಕಾರ, ಮಷೀನ್ ಬಂದ್ರ ತಮ್ಮ ಕೆಲಸಾ ಹೋಗ್ತೈತಿ ಅಂತ ಕೆಲಸದೋರಿಗೆ ಅಂಜಿಕಿ ಇರ್ತೈತಿ. ಒಮ್ಮೊಮ್ಮೆ ಬೇಕಂತನ ಹಿಂಗ ಮಾಡ್ತಾರ" ಎಂದೆ. ಕೆಲಸದ ಚೀಟಿಯಲ್ಲೂ 'ಬಳಸುವವರ ತಪ್ಪು' ಎಂದು ಬರೆದೆ. ಹಾಗೆ ಬರೆದರೆ ಕಂಪನಿಗೆ ತಲೆನೋವಿಲ್ಲ, ನನಗೆ ಮತ್ತೆ ಬರುವ ಕೆಲಸವಿಲ್ಲ. ಸಹಿ ಹಾಕಿಸಿಕೊಂಡು ಸ್ಕೂಟರ್ ಏರಿದೆ. ಒಂದು ಮಾತು ಆಡಲು ಎಷ್ಟು ಹೊತ್ತು ಬೇಕು? ಆ ಮನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಅದನ್ನು ನಾನು ಮರೆತೂ ಆಗಿತ್ತು.

ಎರಡು ವಾರದ ಮೇಲೆ ಮೂರನೆಯ ಫೋನು ಬಂತು. ಈಗ ಯಂತ್ರಕ್ಕೆ ನೀರೇ ಬರುತ್ತಿಲ್ಲ ಎಂದರು. ಹೋದರೆ ಸುಮಂಗಲಾ ಶಾಲೆಗೆ ಹೋಗಿದ್ದರು, ಆಯಿ ಒಬ್ಬರೇ. ಅಡುಗೆಮನೆಯಲ್ಲಿ ತೊಳೆಯದ ಪಾತ್ರೆಗಳ ರಾಶಿ.

"ಯಾದಮ್ಮ ಎಲ್ರಿ?" ಎಂದೆ.

"ಆಕೀನ ಬಿಡಿಸಿದ್ರಲ್ಲಪಾ. ನೀ ಹೇಳಿ ಹೋದ ಮರುದಿನಾನ. ಕೋಲಿನೂ ಖಾಲಿ ಮಾಡಿಸಿದ್ರು. ಹುಡಿಗಿ ಪುಸ್ತಕದ ಗಂಟು ಹೊತ್ಕೊಂಡ ಹೋತು."

 ಆಗಲೂ ನನ್ನ ಮನಸ್ಸು ಒಂದು ನೆವ ಹುಡುಕುತ್ತಿತ್ತು. ತೇಲುಬುರುಡೆಗೆ ಕೈ ಹಾಕಿದೆ. ಇಷ್ಟು ದಿನ ಸುಮಂಗಲಾ ಅವರೇ ಒಂದೊಂದು ತಟ್ಟೆಯನ್ನೂ ಒರೆಸಿ ಇಟ್ಟಿದ್ದರು. ಒಳಗೆ ಒಂದು ಅಗುಳೂ ಇಲ್ಲ, ಕನ್ನಡಿಯಂತಿದೆ. ಯಾದಮ್ಮ ಇಲ್ಲ, ಕಸ ಇಲ್ಲ, ನೀರೂ ಇಲ್ಲ. ಹಾಗಾದರೆ?

"ಆಯಿ, ಆ ನಳ ನೀವ ಒಂಚೂರು ಬಂದ್ ಮಾಡ್ರಿ" ಎಂದೆ. ಅವರು ಮುಚ್ಚಿದರು. ಪೈಪನ್ನು ಯಂತ್ರದಿಂದ ಬಿಚ್ಚಿ ಬಕೆಟ್ಟಿಗೆ ಹಿಡಿದು, ತೆರೆಯಿರಿ ಎಂದೆ. ತೆರೆದರು. ನೂಲಿನಷ್ಟು ಸಣ್ಣ ಧಾರೆ. ಅದೇ ನಳದ ಇನ್ನೊಂದು ಬಾಯಿ ತೆರೆಸಿದರೆ ನೀರು ರಭಸವಾಗಿ ಬಂದು ತಂಬಿಗೆ ತುಂಬಿ ಚೆಲ್ಲಿತು.

"ಆಯಿ, ಆ ಪೈಪಿನ ಗಂಟಿನ್ಯಾಗ ಏನೋ ಸಿಕ್ಕೈತ್ರಿ. ಬಿಚ್ಚಬೇಕು."

ಆಯಿಯ ಮುಖ ಬಿಳಿಚಿಕೊಂಡಿತು.  ಆಮೇಲೆ ತಾವೇ ಬಗ್ಗಿ, ನಳಕ್ಕೆ ಪೈಪು ಕೂಡುವ ಪ್ಲಾಸ್ಟಿಕ್ ಬಿರಡೆಯನ್ನು ಬರಿಗೈಯಲ್ಲೇ ತಿರುಗಿಸಿ ಬಿಚ್ಚಿದರು. ಎಷ್ಟು ರೂಢಿಯ ಕೈ! ಒಳಗಿನಿಂದ ಒಂದು ಬಟ್ಟೆಯ ತುಂಡು ತೆಗೆದರು. ಧೋತರದ ಅಂಚು ಕತ್ತರಿಸಿ ನಾಲ್ಕು ಮಡಿಕೆ ಮಾಡಿದ್ದು. ರಾಡಿ ಹಿಡಿದು, ಲೋಳೆಗಟ್ಟಿ, ಚರ್ಮದ ಹಾಗೆ ಬಿಗಿದುಕೊಂಡಿತ್ತು.

ನಮ್ಮ ಕಡೆ ನಳಕ್ಕೆ ಬಟ್ಟೆ ಕಟ್ಟದ ಮನೆ ಯಾವುದು? ಸೋಸದ ನೀರನ್ನು ಪೂಜೆಗೂ ಬಳಸುವುದಿಲ್ಲ, ಅಡುಗೆಗೂ ಬಳಸುವುದಿಲ್ಲ. ಪೂಜೆಯ ಬಾಯಿಗೆ ಹೊರಗಿನಿಂದ ಬಟ್ಟೆ ಕಟ್ಟಿತ್ತು, ಅದು ನನ್ನ ಕಣ್ಣಿಗೂ ಬಿದ್ದಿತ್ತು. ಯಂತ್ರದ ಬಾಯಿಗೆ ಕಟ್ಟಲು ಜಾಗವಿಲ್ಲವಲ್ಲ, ಆಯಿ ಒಳಗೇ ಇಟ್ಟುಬಿಟ್ಟಿದ್ದರು. ನಮ್ಮವ್ವ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದಳು. ಇದು ನನಗೆ ಮೊದಲು ಹೊಳೆಯಬೇಕಿತ್ತು, ಬೇರೆ ಯಾರಿಗೆ ಹೊಳೆಯಬೇಕು?

"ಸೋಸಲಾರದ ನೀರಾಗ ತೊಳದ ಗಂಗಾಳದಾಗ ನಾ ಹೆಂಗ ಉಣ್ಲಿ, ಚೆನ್ನಪ್ಪಾ?" ಎಂದರು ಆಯಿ. ಕಣ್ಣು ತುಂಬಿದ್ದವು. "ಇದರಿಂದ ಮಷೀನ ನಿಂದರ್ತೈತಿ ಅಂತ ನನಗೇನ ಗೊತ್ತಪಾ? ಸುಮಂಗಲಾಗ ಹೇಳಬ್ಯಾಡ. ಮೊದಲ ಆಕಿ ಈ ಮಷೀನಿನ ಸಂಬಂಧ ನನ್ನ ಮ್ಯಾಲೆ ಸಿಟ್ಟಿನ್ಯಾಗ ಅದಾಳ. ಅತ್ತಿ ಬೇಕಂತನ ಕೆಡಿಸಿದ್ಲು ಅಂತ ತಿಳ್ಕೋತಾಳ. ನಿನ್ನ ಕಾಲಿಗೆ ಬೀಳ್ತೀನಿ."

ನಮ್ಮವ್ವನ ವಯಸ್ಸಿನವರು ಕಾಲಿಗೆ ಬೀಳುತ್ತೇನೆ ಎಂದರೆ ಏನು ಮಾಡುವುದು? "ಆತ್ರಿ ಆಯಿ" ಎಂದುಬಿಟ್ಟೆ. ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಚೀಟಿಯಲ್ಲಿ 'ವಾಲ್ವು ಸ್ವಚ್ಛ ಮಾಡಲಾಯಿತು' ಎಂದು ಬರೆದೆ. ಯಂತ್ರ ಸರಿಯಾಗಿ ಓಡಿತು.

ನಾನು ಮಾತ್ರ ಸರಿಯಾಗಿ ಓಡಲಿಲ್ಲ. ಆ ಮೂರು ದಿನ ನನ್ನ ಅವಸ್ಥೆ ಯಾರಿಗೂ ಬೇಡ. ಒಂದು ಮನೆಯಲ್ಲಿ ವಾಲ್ವು ಉಲ್ಟಾ ಕೂರಿಸಿದೆ. ಇನ್ನೊಂದು ಮನೆಯಲ್ಲಿ ಇಕ್ಕಳ ಮರೆತು ಬಂದೆ. ಊಟಕ್ಕೆ ಕೂತರೆ ಎದ್ದುಬಿಡುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಪುಸ್ತಕದ ಚೀಲ ಹೊತ್ತ ಹುಡುಗಿ ಕಂಡರೆ ಮುಖ ತಿರುಗಿಸುತ್ತಿದ್ದೆ. ಹೆಂಡತಿ, "ಏನಾಗೇತ್ರಿ ನಿಮಗ? ಮೈಯಾಗ ಇರುವೆ ಬಿಟ್ಕೊಂಡೋರಗತೆ ಮಾಡಾಕತ್ತೀರಲ್ಲ" ಎಂದಳು. ಅವಳಿಗೂ ಹೇಳಲಿಲ್ಲ. ನಾಚಿಕೆಯಾಗಿತ್ತು.

ನಾಲ್ಕನೆಯ ದಿನ ಖಾದರ್ ಸಾಹೇಬರು ಕರೆದು ಎದುರಿಗೆ ಕೂರಿಸಿದರು. ಉಲ್ಟಾ ಕೂರಿಸಿದ ವಾಲ್ವು ಅವರ ಮೇಜಿನ ಮೇಲಿತ್ತು. ಬೈಯುತ್ತಾರೆ ಎಂದುಕೊಂಡೆ. ಅವರು, "ಕ್ಯಾ ಹುವಾ, ಬೋಲೋ" ಎಂದರು ಅಷ್ಟೇ, ಏನಾಯಿತು ಹೇಳು ಎಂದು. ಎಲ್ಲ ಹೇಳಿಬಿಟ್ಟೆ. ಪೂಜೆಯ ನಳ, ಅಗುಳು, ಆಡಿದ ಮಾತು, ಧೋತರದ ತುಂಡು, ಆಯಿಗೆ ಕೊಟ್ಟ ವಚನ.

ಅವರು ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಬುಡ್ಢೀ ಕೀ ಶರಮ್ ಏಕ್ ತರಫ್. ಉಸ್ ಔರತ್ ಕಾ ಘರ್ ಏಕ್ ತರಫ್. ತುಮೇ ಕ್ಯಾ ಭಾರೀ ದಿಖ್ರಾ?" ಎಂದು ಕೇಳಿದರು. ಮುದುಕಿಯ ನಾಚಿಕೆ ಒಂದು ಕಡೆ, ಆ ಹೆಂಗಸಿನ ಮನೆ ಒಂದು ಕಡೆ, ನಿನಗೆ ಯಾವುದು ಭಾರ ಕಾಣುತ್ತದೆ?  "ಔರ್ ತುಮಾರೀ ಶರಮ್?" ಎಂದರು ಆಮೇಲೆ, ಮತ್ತೆ ನಿನ್ನ ನಾಚಿಕೆ ಎಂದು. ಆಯಿಯ ಮಾನ ಕಾಯುತ್ತಿದ್ದೇನೆ ಎಂದು ಮೂರು ದಿನ ಅಂದುಕೊಂಡಿದ್ದೆ. ಕಾಯುತ್ತಿದ್ದದ್ದು ನನ್ನದನ್ನೇ ಎಂದು ಆಗ ತಿಳಿಯಿತು. ಅಂದಿನ ಉಳಿದ ಮನೆಗಳನ್ನು ಅವರು ಬೇರೆಯವರಿಗೆ ಹಂಚಿ, ನನ್ನನ್ನು ಉಪ್ಪಲ್‌ಗೆ ಕಳಿಸಿದರು.

ಸುಮಂಗಲಾ ಆಗಷ್ಟೇ ಶಾಲೆಯಿಂದ ಬಂದಿದ್ದರು. ನಾನು ನಿಂತುಕೊಂಡೇ, "ಅಕ್ಕಾರ, ತಪ್ಪು ಯಾದಮ್ಮಂದಲ್ರಿ, ನಂದು" ಎಂದೆ.  ಆಯಿ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಅವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

"ನೀ ಸುಮ್ನಿರು ಚೆನ್ನಪ್ಪ" ಎಂದರು. "ಸುಮಂಗಲಾ, ನಳದಾಗ ಅರಿವಿ ಇಟ್ಟಾಕಿ ನಾನವ್ವಾ. ನೀರ ಸೋಸಾಕ ಇಟ್ಟಿದ್ದೆ. ಅದರಿಂದ ಮಷೀನ ಕೆಟ್ಟಿದ್ದು."

ಸೊಸೆ ಸಿಡಿದೇಳುತ್ತಾರೆ ಎಂದು ಇಬ್ಬರೂ ಕಾದೆವು. ಸುಮಂಗಲಾ ಕುರ್ಚಿಯ ಮೇಲೆ ಕುಸಿದು ಕೂತರು. ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. "ಹೋಗೂಮುಂದ ಆಕಿ, ಪರೀಕ್ಷಾ ಮುಗಿಯೂತನಾ ಆದ್ರೂ ಕೋಲಿ ಕೊಡ್ರಿ ಅಂದ್ಲು" ಎಂದರು. "ಮಕ್ಕಳಿಗೆ ಪಾಠಾ ಹೇಳಾಕಿ ನಾನು. ನಾ ಬಾಗಲಾ ಹಾಕ್ಕೊಂಡೆ." ಆಮೇಲೆ ದಿಗ್ಗನೆ ಎದ್ದು, "ನಡೀರಿ. ಈಗಿಂದೀಗ ಹೋಗೂಣು" ಎಂದರು. ಆಯಿಯೂ ಬರುತ್ತೇನೆಂದು ಹಟ ಹಿಡಿದರು. ಮಂಡಿ ನೋವಿನವರು, ಬೇಡ ಎಂದು ಕೂರಿಸಿದೆವು.

ನಾಚಾರಂನ ಕಾರ್ಖಾನೆಗಳ ಹಿಂದಿನ ಸಾಲುಮನೆಗಳಲ್ಲಿ ಯಾದಮ್ಮನ ಅಣ್ಣನ ಮನೆ. ಒಂದೇ ಕೋಣೆ, ಒಂಬತ್ತು ಜನ. ಕಾರ್ಖಾನೆಯ ಕಾಂಪೌಂಡ್ ಗೋಡೆಗೆ ಒರಗಿ ಹುಡುಗಿ ನೆಲದ ಮೇಲೆ ಕೂತು, ಎರಡೂ ಕಿವಿಯಲ್ಲಿ ಬೆರಳಿಟ್ಟುಕೊಂಡು ಓದುತ್ತಿದ್ದಳು. ಒಳಗಿನ ಪ್ರೆಸ್ಸು ಒಂದೇ ಸಮ ದಡ್ ದಡ್ ಎನ್ನುತ್ತಿತ್ತು. ಮರುದಿನ ಗಣಿತದ ಪರೀಕ್ಷೆ. ಮೊದಲೆರಡು ಪರೀಕ್ಷೆಗಳನ್ನು ಅಲ್ಲಿಂದಲೇ ಎರಡು ಬಸ್ಸು ಬದಲಿಸಿ ಹೋಗಿ ಬರೆದು ಬಂದಿದ್ದಳಂತೆ.

ಯಾದಮ್ಮ ನಮ್ಮನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಅಣ್ಣ, ಅತ್ತಿಗೆ, ನೆರೆಯವರು ಎಲ್ಲ ಸೇರಿದರು. ಅಷ್ಟು ಜನರ ಮುಂದೆ ನಾನು ತೆಲುಗಿನಲ್ಲಿ ಹೇಳಿದೆ: ಯಂತ್ರ ಕೆಟ್ಟದ್ದು ಈಕೆಯಿಂದಲ್ಲ, ನಾನು ಸರಿಯಾಗಿ ನೋಡದೆ ಈಕೆಯ ಮೇಲೆ ಹಾಕಿದೆ, ತಪ್ಪು ನನ್ನದು. ಸುಮಂಗಲಾ ಆಕೆಯ ಎರಡೂ ಕೈ ಹಿಡಿದುಕೊಂಡು ಅತ್ತರು. ಯಾದಮ್ಮ ಅಳಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ. ಮಗಳ ಕಡೆ ನೋಡಿ, ಹೋಗೋಣವೇ ಎಂದು ಕೇಳಿದಳು. ಹುಡುಗಿ ಪುಸ್ತಕ ಜೋಡಿಸತೊಡಗಿದಳು.

ಆಟೋದಲ್ಲಿ ಅವರು, ಹಿಂದೆ ನಾನು, ಉಪ್ಪಲ್‌ಗೆ ಬಂದೆವು. ಆಯಿ ಹಿತ್ತಲ ಕೋಣೆಯನ್ನು ತಾವೇ ಗುಡಿಸಿ, ಬಾಗಿಲಲ್ಲಿ ಕೂತಿದ್ದರು. ಯಾದಮ್ಮ ಬಂದದ್ದು ಕೋಣೆಗೆ ಮಾತ್ರ. ಅಡುಗೆಮನೆಗೆ ಆಕೆ ಮತ್ತೆ ಕಾಲಿಡಲಿಲ್ಲ, ಯಾರೂ ಕರೆಯುವ ಧೈರ್ಯ ಮಾಡಲಿಲ್ಲ. ಮಗಳ ಪರೀಕ್ಷೆ ಮುಗಿದ ತಿಂಗಳೇ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಹಿಡಿದು, ಹೇಳಿಯೇ ಹೋದಳು. ಹುಡುಗಿ ಪಾಸಾದಳು.

ಆಮೇಲೆ ಯಂತ್ರಗಳು ಬದಲಾದವು. ಈಗಿನವು ನೀರು ಕಡಿಮೆಯಾದರೆ ತಾವೇ ಪರದೆಯ ಮೇಲೆ ಅಂಕಿ ತೋರಿಸುತ್ತವೆ. ನೀವು ಮೊಬೈಲು ತೆಗೆದು ಆ ಅಂಕಿಗೆ ಏನರ್ಥ ಎಂದು ನೋಡುತ್ತೀರಿ. ನೋಡಿ, ತಪ್ಪಲ್ಲ. ಆದರೆ ಅಂಕಿ ಹೇಳುವುದು ನೀರು ಬಂದಿಲ್ಲ ಎಂದಷ್ಟೇ, ಯಾಕೆ ಬಂದಿಲ್ಲ ಎಂದು ಅದು ಹೇಳುವುದಿಲ್ಲ. ಅದನ್ನು ಮನೆಯವರಿಂದ ತಿಳಿಯಬೇಕು. ಮನೆಯವರೆಂದರೆ ಯಾರು ಎಂಬುದನ್ನು ನಾನು ಯಾದಮ್ಮನನ್ನು ಕರೆತಂದ ಆ ದಿನ ಹಿತ್ತಲಿನಲ್ಲಿ ಕಲಿತೆ.

ಸುಮಂಗಲಾ ಒಳಗೆ ಹೋಗಿದ್ದರು. ಯಾದಮ್ಮನ ಟ್ರಂಕನ್ನು ನಾನೇ ಕೋಣೆಯೊಳಗೆ ಇಟ್ಟು ಹೊರಬಂದೆ. ಹೋಗಲು ಕಾಲು ತುರಿಸುತ್ತಿತ್ತು, ಆದರೂ ನಿಂತೆ. ಒಂದು ವಿಷಯ ನನಗೆ ಬಗೆಹರಿದಿರಲಿಲ್ಲ. ಯಾದಮ್ಮ ಇದ್ದಾಗ ಯಂತ್ರ ವಾರದಲ್ಲಿ ಒಂದೆರಡು ದಿನವಷ್ಟೇ ತಕರಾರು ಮಾಡುತ್ತಿತ್ತು. ಆಕೆ ಹೋದ ಮೇಲೆ ಪೂರ್ತಿ ನಿಂತುಬಿಟ್ಟಿತು. ಯಾಕೆ?

"ಯಾದಮ್ಮಾ, ನಳದೊಳಗೆ ಬಟ್ಟೆ ಇತ್ತು ಎಂದು ನಿನಗೆ ಗೊತ್ತಿತ್ತಾ?" ಎಂದು ತೆಲುಗಿನಲ್ಲಿ ಕೇಳಿದೆ.

"ಗೊತ್ತಿಲ್ಲದೆ ಏನು ಸಾರ್? ಪ್ರತಿ ಸೋಮವಾರ ಬೆಳಿಗ್ಗೆ ಆಯಿ ತೆಗೆದು ಕೊಡುತ್ತಿದ್ದರು. ಒಗೆದು ಕೊಡುತ್ತಿದ್ದವಳು ನಾನೇ. ನಾನು ಹೋದ ಮೇಲೆ ಯಾರು ಒಗೆದಾರು?"

"ಮತ್ತೆ ಅವತ್ತೇ ಒಂದು ಮಾತು ಹೇಳಬಾರದಿತ್ತೇ?"

ಆಕೆ ಹಾಸಿಗೆ ಬಿಚ್ಚುತ್ತಿದ್ದವಳು ತಲೆಯೆತ್ತಿ ನೋಡಿದಳು. ಸಿಟ್ಟಿರಲಿಲ್ಲ, ನನ್ನ ಪ್ರಶ್ನೆಯೇ ಆಕೆಗೆ ವಿಚಿತ್ರವಾಗಿ ಕಂಡಿತ್ತು.

"ನನ್ನೆವರು ಅಡಿಗಾರು ಸಾರ್?" ಎಂದಳು. ನನ್ನನ್ನು ಯಾರು ಕೇಳಿದರು ಸಾರ್?

ಆಮೇಲೆ ಮಗಳಿಗೆ ಓದಲು ಬೆಳಕಾಗಲಿ ಎಂದು ಕಿಟಕಿ ತೆರೆದಳು.